ನಡುವಿನಲ್ಲಿ ನಿಂತ ಮುಳ್ಳು

ಅಕ್ಕನ ಪಿಕಪ್ಪು ಶೆಡ್ಡಿನ ಗೇಟಿನೊಳಗೆ ಬಂದು ನಿಂತಾಗ ಅವನು ಮೊದಲು ನೋಡಿದ್ದು ಅಕ್ಕನ ಮುಖವನ್ನಲ್ಲ, ಗಾಡಿಯ ಹೊಟ್ಟೆಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು. ನೀರಾದರೆ ಪರವಾಗಿಲ್ಲ, ಐಸ್ ಗಾಡಿ ಎಂದ ಮೇಲೆ ನೀರು ಸುರಿಯಲೇಬೇಕು. ಎಣ್ಣೆ ಸುರಿದರೆ ಕಷ್ಟ ಎಂದುಕೊಂಡ. ಎಣ್ಣೆ ಯಾಕೆ ಸುರಿಯುತ್ತದೆ, ಒಳ್ಳೆಯ ಗಾಡಿ, ನಾನೇ ನೋಡಿ ಕೊಡಿಸಿದ್ದು ಎಂದೂ ಅಂದುಕೊಂಡ. ‘ನಾನೇ ನೋಡಿ’ ಎನ್ನುವ ಕಡೆ ಮನಸ್ಸು ಸಣ್ಣಗೆ ಎಡವಿತು. ಕತ್ತಲಲ್ಲಿ ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟರೆ ಇರುವುದಿಲ್ಲವಲ್ಲ, ಹಾಗೆ. ಅಷ್ಟರಲ್ಲಿ ಅಕ್ಕ ಬಾಗಿಲು ತೆಗೆದು ಇಳಿದಳು. ಬೆಳಗಿನ ಲೋಡು ಇಳಿಸಿ ಬಂದಿದ್ದಳು, ತೋಳಿನ ತುಂಬ ಮರದ ಹೊಟ್ಟು ಅಂಟಿತ್ತು.

“ಲೋ ಡೈಲಾಗ್, ಆಯಿಲ್ ಮೀಟರಿಗೆ ದೆವ್ವ ಹಿಡಿದಿದೆ ನೋಡೋ.”

ಡೈಲಾಗ್ ಅವನ ಹೆಸರಲ್ಲ, ಆದರೆ ಹೆಸರು ಹಿಡಿದು ಕರೆದರೆ ಈಗ ಅವನೇ ತಿರುಗಿ ನೋಡುತ್ತಿರಲಿಲ್ಲ. ಸ್ಪ್ಯಾನರನ್ನು ಮೈಕಿನಂತೆ ಬಾಯಿಗೆ ಹಿಡಿದು, ಕಾಲು ಅಗಲಿಸಿ, ದನಿ ದಪ್ಪ ಮಾಡಿದ. “ಈ ಶೆಡ್ಡಿಗೆ ಗಾಡಿ ಬರೋವಾಗ ರೋಗಿ ಥರ ಬರುತ್ತೆ! ಹೋಗೋವಾಗ ಹೀರೋ ಥರ ಹೋಗುತ್ತೆ! ಮಧ್ಯದಲ್ಲಿ ನಡೆಯೋ ಫೈಟು... ಅದು ನಂದು!”

“ಫೈಟು ಆಮೇಲೆ ಮಾಡುವಂತೆ. ಹನ್ನೆರಡಕ್ಕೆ ಎರಡನೇ ಲೋಡು ಇದೆ, ಮೊದಲು ಬಾನೆಟ್ ಎತ್ತು.”

“ಏನು ಮಾಡುತ್ತೆ ಮುಳ್ಳು?”

“ಗುಂಡಿಗೆ ಬಿದ್ದರೆ ಧೊಪ್ ಅಂತ ಸೊನ್ನೆಗೆ ಬೀಳುತ್ತೆ. ಇನ್ನೊಂದು ಗುಂಡಿ ಬಂದರೆ ಎದ್ದು ನಡುವಿಗೆ ಬಂದು ನಿಲ್ಲುತ್ತೆ. ನಿನ್ನೆಯಂತೂ ದಾರಿಯುದ್ದಕ್ಕೂ ಕುಣೀತಾನೇ ಇತ್ತು.”

ಅರ್ಥಿಂಗ್ ಸರಿಯಿಲ್ಲದಿರಬೇಕು ಎಂದ. ಹಾಗೆ ಹೇಳಿದಾಗ ಅವನಿಗೇ ಸಮಾಧಾನವಾಯಿತು. ದಿನಾ ಹಿಂದುಗಡೆ ಐಸ್ ಕರಗಿ ನೀರು ಸೋರುವ ಗಾಡಿಯಲ್ಲಿ ಯಾವುದೋ ತಂತಿಯ ಬುಡಕ್ಕೆ ತುಕ್ಕು ಹಿಡಿಯುವುದು ದೊಡ್ಡ ವಿಷಯವಲ್ಲ. ಇಂಜಿನ್ನಿಗೂ ಬಾಡಿಗೂ ನಡುವೆ ಇರುವ ದಪ್ಪ ಪಟ್ಟಿಯನ್ನು ಬಿಚ್ಚಿ, ಎರಡೂ ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿ ಫಳಫಳ ಮಾಡಿ ಮತ್ತೆ ಬಿಗಿದ. ಆಯಿಲ್ ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ನೋಡಿದ. ಮಟ್ಟ ಸರಿಯಾಗಿಯೇ ಇತ್ತು. ಎಣ್ಣೆ ಮಾತ್ರ ಬೆರಳುಗಳ ನಡುವೆ ಜೇನಿನಂತೆ ಎಳೆಯಾಗಿ ನಿಂತಿತು. ಇಷ್ಟು ದಪ್ಪದ ಎಣ್ಣೆಯನ್ನು ಯಾರು ಹಾಕಿದರು ಎಂದು ಕೇಳಬೇಕೆಂದಿದ್ದವನು ಕೇಳಲಿಲ್ಲ. ಅಕ್ಕ ಎಣ್ಣೆ ಬದಲಿಸಲು ಅವನಲ್ಲಿಗೆ ತರುತ್ತೇನೆಂದಾಗಲೆಲ್ಲ, ‘ಮೇಸ್ತ್ರಿ ಶೆಡ್ಡಿನಲ್ಲೇ ಹಾಕಿಸು, ಅವರ ಕೈಯಲ್ಲಿ ಪಳಗಿದ ಗಾಡಿ ಅದು’ ಎಂದವನು ಅವನೇ. ಮೇಸ್ತ್ರಿ ಎಂದರೆ ಅವನಿಗೆ ಕೆಲಸ ಕಲಿಸಿದವರು, ಅಕ್ಕನಿಗೆ ಈ ಗಾಡಿ ಮಾರಿದವರು.

“ಮೊದಲೆಲ್ಲ ಎಷ್ಟು ಶಿಸ್ತಾಗಿತ್ತು ಗೊತ್ತಾ?” ಅಕ್ಕ ಮಡ್‌ಗಾರ್ಡಿಗೆ ಒರಗಿ ಹೇಳುತ್ತಿದ್ದಳು. “ಕೀ ತಿರುಗಿಸಿದ ತಕ್ಷಣ ನಡುವಿಗೆ ಬಂದು ಸೆಲ್ಯೂಟ್ ಹೊಡೀತಿತ್ತು.”

“ಸ್ಟಾರ್ಟ್ ಆದ ಮೇಲೆ ತಾನೇ?”

“ಇಲ್ಲ ಕಣೋ, ಮೊದಲೇ. ಬರೀ ಕೀ ತಿರುಗಿಸಿದ್ರೆ ಸಾಕು.”

ಅವನು ನಕ್ಕ. ಇಂಜಿನ್ ತಿರುಗದೆ ಪಂಪು ತಿರುಗುವುದಿಲ್ಲ, ಪಂಪು ತಿರುಗದೆ ಎಣ್ಣೆಗೆ ಒತ್ತಡ ಬರುವುದಿಲ್ಲ. ಮುಳ್ಳು ಯಾರಿಗೆ ಸೆಲ್ಯೂಟ್ ಹೊಡೆಯುತ್ತಿತ್ತು? ಎಂಟು ತಿಂಗಳಿನಿಂದ ಅಕ್ಕ ದಿನಕ್ಕೆರಡು ಸಲ ಆ ಸೆಲ್ಯೂಟ್ ತೆಗೆದುಕೊಂಡು ಹೊರಟಿದ್ದಾಳೆ. ಆ ಗಾಡಿಯ ಸೀಟಿನಲ್ಲಿ ಕೂತು ಬರೀ ಕೀ ತಿರುಗಿಸಿ ತಾನು ಒಂದು ಸಲವೂ ನೋಡಿಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು. ಕೊಳ್ಳಲು ಹೋದ ದಿನ ಗಾಡಿ ಆಗಲೇ ಸ್ಟಾರ್ಟ್ ಆಗಿ, ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಸಾಕಿದ ಬೆಕ್ಕಿನಂತೆ ಗುರುಗುಡುತ್ತ ನಿಂತಿತ್ತು. ಬಾನೆಟ್ ತೆರೆದೇ ಇತ್ತು, ಇಂಜಿನ್ನಿನ ತಲೆಯ ಮೇಲೆ ಬಿಳಿಯ ಗೀಟು ಇತ್ತು.

ಆ ಗೀಟಿನ ವಿಷಯ ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಮೇಸ್ತ್ರಿ ಒಂದು ಕೆಲಸ ಮುಗಿಸಿ, ಬಿಗಿದದ್ದನ್ನೆಲ್ಲ ಬಿಗಿದು, ಕೊನೆಗೆ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಒಂದು ಗೀಟು ಎಳೆಯುತ್ತಿದ್ದರು. ಆಮೇಲೆ ಅದರ ಮೇಲೆ ಯಾರೂ ಸ್ಪ್ಯಾನರ್ ಇಡುವಂತಿಲ್ಲ. ಶೆಡ್ಡಿನ ಪೇಂಟರ್ ಹುಡುಗ ಒಮ್ಮೆ ಗೀಟು ಬಿದ್ದ ನಟ್ಟನ್ನು ಸುಮ್ಮನೆ, ಬಿಗಿಯಿದೆಯಾ ಎಂದು ಮುಟ್ಟಿ ನೋಡಿದ್ದಕ್ಕೆ ಆ ದಿನವೇ ಕೆಲಸ ಬಿಡಿಸಿಕೊಂಡು ಮನೆಗೆ ನಡೆದಿದ್ದ. ಸಡಿಲ ಮಾಡಿದ್ದಕ್ಕಲ್ಲ, ನೋಡಿದ್ದಕ್ಕೆ. ‘ಗೀಟಿನ ಮೇಲೆ ಕೈ ಇಟ್ಟರೆ ನನ್ನ ತಲೆ ಮೇಲೆ ಇಟ್ಟ ಹಾಗೆ’ ಎನ್ನುತ್ತಿದ್ದರು ಮೇಸ್ತ್ರಿ. ಒಂಬತ್ತು ವರ್ಷ ಆ ಶೆಡ್ಡಿನಲ್ಲಿ ಕೂತೆದ್ದವನಿಗೆ ಆ ಮಾತು ಉಸಿರಿನಷ್ಟು ಸಹಜವಾಗಿತ್ತು. ಆದ್ದರಿಂದಲೇ ಆ ದಿನ ಅಕ್ಕ ಅವನ ಕಿವಿಯ ಹತ್ತಿರ ಬಂದು, “ಇನ್ಯಾರಿಗಾದ್ರೂ ಒಂದ್ಸಲ ತೋರಿಸೋಣ್ವಾ?” ಎಂದು ಕೇಳಿದಾಗ ಅವನಿಗೆ ಕೆನ್ನೆಗೆ ಹೊಡೆದಂತಾಗಿತ್ತು. “ಮೇಸ್ತ್ರಿ ಗೀಟು ಎಳೆದಿದ್ದಾರೆ, ನಾನು ನೋಡಿದೀನಿ, ಕಣ್ಮುಚ್ಚಿ ತಗೋ” ಎಂದಿದ್ದ. ಬಾನೆಟ್ಟಿನ ಮೇಲೆ ಅಂಗೈಯಿಟ್ಟು, “ಈ ಇಂಜಿನ್ ನಿಂತ ದಿನ ನನ್ನ ಮೀಸೆ ನೀನೇ ಬೋಳಿಸು!” ಎಂದೂ ಸೇರಿಸಿದ್ದ. ಎಲ್ಲರೂ ನಕ್ಕಿದ್ದರು. ಮೇಸ್ತ್ರಿ ಮಾತ್ರ ಕೈ ಒರೆಸುತ್ತ ಬೇರೆ ಕಡೆ ನೋಡುತ್ತಿದ್ದರು. ಅದು ವಿನಯ ಎಂದುಕೊಂಡಿದ್ದ.

“ಇಂಜಿನ್ ಆನ್ ಮಾಡು” ಎಂದ. ಗಾಡಿ ಸ್ಟಾರ್ಟ್ ಆಯಿತು. ಮುಳ್ಳು ನಡುವಿನಲ್ಲಿ ನಿಂತಿದೆ ಎಂದು ಅಕ್ಕ ಒಳಗಿನಿಂದಲೇ ಕೂಗಿದಳು. ಇಂಜಿನ್ನಿನ ಪಕ್ಕೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಸೆನ್ಸರ್ ಇರುತ್ತದೆ. ಎಣ್ಣೆಯ ಒತ್ತಡವನ್ನು ಅಳೆದು ಒಂದೇ ಒಂದು ತಂತಿಯಲ್ಲಿ ಮೀಟರಿಗೆ ಸುದ್ದಿ ಕಳಿಸುವುದು ಅದರ ಕೆಲಸ. ಆ ತಂತಿಯನ್ನು ಕಿತ್ತರೆ ಮುಳ್ಳು ಸೊನ್ನೆಗೆ ಬೀಳಬೇಕು. ಮೇಸ್ತ್ರಿ ಕಲಿಸಿದ ಮೊದಲ ಪಾಠಗಳಲ್ಲಿ ಅದೂ ಒಂದು: ಮೀಟರನ್ನು ನಂಬಬೇಡ, ತಂತಿ ಕಿತ್ತು ಕೇಳು. ಅವನು ತಂತಿ ಕಿತ್ತ.

“ಬಿತ್ತಾ?”

“ಇಲ್ಲ. ಅಲ್ಲೇ ಇದೆ.”

ತಂತಿಯ ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿದ. ಮುಳ್ಳು ಈಗ ಕೊನೆಗೆ ಏರಬೇಕು. “ಈಗ?”

“ಅಲ್ಲಾಡ್ತಾ ಇಲ್ಲ ಕಣೋ. ಸರಿ ಹೋಯ್ತಾ?” ಅಕ್ಕನ ದನಿಯಲ್ಲಿ ಸಂತೋಷವಿತ್ತು.

ಅವನು ಕಿತ್ತ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಆ ತಂತಿಗೂ ಮೀಟರಿಗೂ ಸಂಬಂಧವೇ ಇರಲಿಲ್ಲ. ಟೆಲಿಫೋನಿನಲ್ಲಿ ಅರ್ಧ ಗಂಟೆ ಮಾತಾಡಿದ ಮೇಲೆ ಆ ಕಡೆ ಯಾರೂ ಇರಲೇ ಇಲ್ಲ ಎಂದು ಗೊತ್ತಾದಂತಿತ್ತು. ಒಮ್ಮೆ ಅವನು ಮೇಸ್ತ್ರಿಯ ಸ್ಕೂಟರಿನ ಬ್ರೇಕಿಗೆ ಹಾರ್ನಿನ ತಂತಿ ಕೂಡಿಸಿಬಿಟ್ಟಿದ್ದ. ಮೇಸ್ತ್ರಿ ಮಾರ್ಕೆಟ್ಟಿನ ತುಂಬ ಬ್ರೇಕ್ ಹಿಡಿದಲ್ಲೆಲ್ಲ ಪೇಂ ಪೇಂ ಎನ್ನಿಸಿಕೊಂಡು, ಬೈಸಿಕೊಂಡು ವಾಪಸು ಬಂದಿದ್ದರು. ಒದೆ ಬೀಳುತ್ತದೆ ಎಂದುಕೊಂಡಿದ್ದ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವನ ತಲೆ ಸವರಿ, “ತಂತೀನ ಎಲ್ಲಿಂದ ಎಲ್ಲಿಗೆ ಬೇಕಾದ್ರೂ ಎಳೀಬಹುದು ಅಂತ ಕಲಿತ್ಯಲ್ಲ, ಇನ್ನು ನೀನು ಬದುಕ್ಕೋತೀಯ” ಎಂದಿದ್ದರು. ಅಪ್ಪ ಕೂಡ ಹಾಗೆ ತಲೆ ಸವರಿರಲಿಲ್ಲ. ಆ ರಾತ್ರಿ ಸಂತೋಷಕ್ಕೆ ನಿದ್ದೆ ಬಂದಿರಲಿಲ್ಲ.

ಇಂಜಿನ್ ನಿಲ್ಲಿಸಿ, ಸೆನ್ಸರನ್ನು ಬಿಚ್ಚಿ, ಆ ತೂತಿಗೆ ತನ್ನ ಪೈಪಿನ ಮೀಟರನ್ನು ಹಾಕಿದ. ಇದರಲ್ಲಿ ಕರೆಂಟಿಲ್ಲ, ತಂತಿಯಿಲ್ಲ. ಎಣ್ಣೆಯೇ ನೇರವಾಗಿ ಬಂದು ಮುಳ್ಳನ್ನು ತಳ್ಳಬೇಕು. ಕಾಲು ಗಂಟೆ ಇಂಜಿನ್ ಓಡಿಸಿ ಕಾದ. ಮೊದಮೊದಲು ದಪ್ಪ ಎಣ್ಣೆ ಮರ್ಯಾದೆ ಉಳಿಸಿತು, ಮುಳ್ಳು ಸುಮಾರಾಗಿ ಮೇಲೆ ನಿಂತಿತು. ಇಂಜಿನ್ ಬಿಸಿಯಾಗುತ್ತ ಹೋದಂತೆ ಅದು ಇಳಿಯತೊಡಗಿತು, ಆಸ್ಪತ್ರೆಯ ಮಂಚದ ಪಕ್ಕದ ಸಲೈನ್ ಬಾಟಲಿಯಲ್ಲಿ ನೀರು ಇಳಿಯುವುದನ್ನು ನೋಡುತ್ತ ಕೂತಂತೆ. ಕೊನೆಗೆ ಸೊನ್ನೆಯ ಪಕ್ಕದಲ್ಲಿ ನಡುಗುತ್ತ ಉಳಿಯಿತು. ಅವನು ಇಂಜಿನ್ ಆಫ್ ಮಾಡಿದ. ಒಳಗೆ ಬೇರಿಂಗುಗಳು ಸವೆದಿವೆ. ಇಂದು ನಿನ್ನೆ ಸವೆದದ್ದಲ್ಲ. ಖಾಲಿ ಗಾಡಿಗೆ ಇನ್ನು ಸ್ವಲ್ಪ ದಿನ ನಡೆದೀತು. ಲೋಡು ಹೇರಿ ಏರು ಹತ್ತಿಸಿದರೆ ಇವತ್ತೇ ಕಚ್ಚಿಕೊಂಡು ನಿಲ್ಲಬಹುದು. ಆಮೇಲೆ ಆ ಇಂಜಿನ್ನು ಬರೀ ಕಬ್ಬಿಣ.

ಅಕ್ಕ ಗೇಟಿನ ಹತ್ತಿರ ನಿಂತು ಐಸ್ ಫ್ಯಾಕ್ಟರಿಯವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಳು. ಅವನು ಸೀಟಿನ ಮುಂದೆ ಡ್ಯಾಶಿನ ಕೆಳಗೆ ಅಂಗಾತ ಮಲಗಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ, ಮೀಟರುಗಳ ಹಿಂಭಾಗಕ್ಕೆ ಕೈ ಹಾಕಿದ. ಹುಡುಕುವ ಮೊದಲೇ ಬೆರಳಿಗೆ ಸಿಕ್ಕಿತು. ಸೆನ್ಸರಿನಿಂದ ಬಂದ ತಂತಿ ಅರ್ಧದಲ್ಲೇ ಕತ್ತರಿಸಿ, ತುದಿಗೆ ಟೇಪು ಸುತ್ತಿ, ಅಚ್ಚುಕಟ್ಟಾಗಿ ಮಡಿಚಿಟ್ಟಿತ್ತು. ಮೀಟರಿನಿಂದ ಹೊರಟದ್ದು ಇನ್ನೊಂದು ಗೇಣುದ್ದದ ತಂತಿ. ಅದರ ಹೊಟ್ಟೆಯಲ್ಲಿ ರೇಡಿಯೋ ರಿಪೇರಿಯವರ ಡಬ್ಬಿಯಲ್ಲಿ ಸಿಗುವಂಥ, ಬೀನ್ಸ್ ಕಾಳಿನಷ್ಟು ಗಾತ್ರದ, ಕರೆಂಟನ್ನು ಒಂದೇ ಅಳತೆಗೆ ತಡೆಯುವ ಒಂದು ರೆಸಿಸ್ಟರ್. ಅದರ ತುದಿ ಬಾಡಿಯ ಒಂದು ಸ್ಕ್ರೂವಿಗೆ ಬಿಗಿದಿತ್ತು. ಇಷ್ಟೇ. ಇಂಜಿನ್ ಬದುಕಿದ್ದರೂ ಸತ್ತರೂ ಮುಳ್ಳು ನಡುವಿನಲ್ಲಿ ನಿಲ್ಲಲು ಇಷ್ಟು ಸಾಕು. ಸ್ಕ್ರೂವಿಗೆ ತುಕ್ಕು ಹಿಡಿದು ಸಡಿಲವಾದ್ದರಿಂದ ಗುಂಡಿಗೊಮ್ಮೆ ಬಿಟ್ಟು ಬಿಟ್ಟು ಹಿಡಿಯುತ್ತಿತ್ತು. ಮೀಟರ್ ಕೆಟ್ಟಿರಲಿಲ್ಲ, ಮೋಸ ಕೆಟ್ಟಿತ್ತು. ಟೇಪಿನ ಮೇಲೆ ಹತ್ತಿಯ ದಾರವನ್ನು ಒತ್ತೊತ್ತಾಗಿ ಸುತ್ತಿ, ಕೊನೆಯಲ್ಲಿ ಗಂಟು ಕಾಣದಂತೆ ಒಳಗೆ ಸೇರಿಸಿದ್ದರು. ಸೆಕೆಗೆ ಟೇಪು ಬಿಚ್ಚಿಕೊಳ್ಳುತ್ತದೆ, ದಾರ ಬಿಚ್ಚಿಕೊಳ್ಳುವುದಿಲ್ಲ. ಹಾಗೆ ಸುತ್ತುವ ಕೈ ಅವನಿಗೆ ಗೊತ್ತಿದ್ದದ್ದು ಒಂದೇ. ಅವನು ಆರು ತಿಂಗಳು ಹೆಣಗಿದರೂ ಅಷ್ಟು ನುಣುಪಾಗಿ ಸುತ್ತಲು ಬಂದಿರಲಿಲ್ಲ. ಹಲ್ಲಿನಲ್ಲಿದ್ದ ಟಾರ್ಚಿನಿಂದ ಜೊಲ್ಲು ಕೆನ್ನೆಗಿಳಿಯಿತು. ಎಷ್ಟು ಚಂದ ಸುತ್ತಿದ್ದಾರೆ ಎಂದು ಒಂದು ಕ್ಷಣ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಮೈಯೆಲ್ಲ ಉರಿಯಿತು.

ಆಮೇಲೆ ಅವನು ಆ ಸ್ಕ್ರೂವನ್ನು ಬಿಗಿದ. ಪರೀಕ್ಷೆ ಮಾಡೋಣ, ಇದೇ ಕಾರಣವೋ ಅಲ್ಲವೋ ಖಾತ್ರಿಯಾಗಲಿ ಎಂದು ತನಗೆ ಹೇಳಿಕೊಂಡ. ತುಕ್ಕು ಕೆರೆದು, ಸ್ಕ್ರೂ ಬಿಗಿದು, ಹೊರಬಂದು, ಬರೀ ಕೀ ತಿರುಗಿಸಿಟ್ಟು ಡ್ಯಾಶಿಗೆ ಎರಡು ಗುದ್ದು ಗುದ್ದಿದ. ಮುಳ್ಳು ಅಲ್ಲಾಡಲಿಲ್ಲ. ಇಂಜಿನ್ನಿನ ಕಡೆ ಹೋಗಿ ಪೈಪಿನ ಮೀಟರ್ ಬಿಚ್ಚಿ, ಸೆನ್ಸರನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದ. ಎಲ್ಲವನ್ನೂ ಅವನು ನಿಧಾನವಾಗಿ, ಒಳ್ಳೆಯ ಕೆಲಸಗಾರನಂತೆ ಮಾಡಿದ. ಇದನ್ನೆಲ್ಲ ಅಕ್ಕನಿಗೆ ಹೇಗೆ ಹೇಳುವುದು ಎಂದು ಯೋಚಿಸಲು ಸಮಯ ಬೇಕಿತ್ತು, ಅಷ್ಟೇ. ಮೇಸ್ತ್ರಿ ಮೋಸ ಮಾಡಿದರು ಎಂದರೆ ಅವಳು ಕೇಳುವ ಮೊದಲ ಮಾತು ಗೊತ್ತಿತ್ತು: ನೀನು ನೋಡಿದ್ಯಲ್ಲ?

ಅಕ್ಕ ಬಂದು ಕಿಟಕಿಯಿಂದ ಇಣುಕಿದಳು. “ಅಯ್ಯೋ, ನಿಂತೇಬಿಡ್ತಲ್ಲೋ! ಎಂಥಾ ಕೈ ಕಣೋ ನಿಂದು. ಏನಾಗಿತ್ತು?”

“ಸ್ಕ್ರೂ ಲೂಸಾಗಿತ್ತು.” ಅದು ಸುಳ್ಳಲ್ಲ.

“ಆಯ್ತಾ ಹಾಗಾದ್ರೆ? ಹೊರಡ್ಲಾ?”

“ಹ್ಞೂಂ... ಸದ್ಯಕ್ಕೆ ಆಯ್ತು. ಅಕ್ಕಾ, ಇವತ್ತೊಂದಿನ ಲೋಡು ಬೇರೆ ಯಾರಿಗಾದ್ರೂ...”

“ಈಗ ತಾನೇ ಅವನ ಹತ್ರ ಬೈಸಿಕೊಂಡಿದೀನಿ, ನೀನು ಬೇರೆ. ಯಾಕೆ, ಏನಾದ್ರೂ ಇದೆಯಾ?”

ಏನಿಲ್ಲ ಎಂದ. ನಿಧಾನಕ್ಕೆ ಹೋಗು ಎಂದ. ಅಕ್ಕ ಅವನ ಬೆನ್ನಿಗೊಂದು ಗುದ್ದಿ, ಹತ್ತಿ ಕೂತು, ಹೊರಟೇಹೋದಳು. ಗೇಟು ದಾಟುವಾಗ ಎರಡು ಸಲ ಹಾರ್ನ್ ಹೊಡೆದಳು, ಅವನನ್ನು ಹೊಗಳಲಿಕ್ಕೆ.

ಮೇಸ್ತ್ರಿಯ ಶೆಡ್ಡು ಅದೇ ರಸ್ತೆಯ ಇನ್ನೊಂದು ತುದಿ. ಅವನು ನಡೆಯಲಿಲ್ಲ, ಓಡಲೂ ಇಲ್ಲ. ಇವೆರಡರ ನಡುವಿನ ಯಾವುದೋ ಸಿಟ್ಟಿನ ನಡಿಗೆಯಲ್ಲಿ ಹೋದ. ಹೋಗುತ್ತ ಡೈಲಾಗು ಜೋಡಿಸುತ್ತಿದ್ದ. ‘ಕೈ ಹಿಡಿದು ಕಲಿಸಿದವರು ಕೈ ಕತ್ತರಿಸೋಕೂ ಬಲ್ಲರು ಅಂತ ಗೊತ್ತಿರಲಿಲ್ಲ ಮೇಸ್ತ್ರಿ!’ ಇಲ್ಲಿ ಒಂದು ಸಲ ನಿಲ್ಲಬೇಕು, ಶೆಡ್ಡಿನವರೆಲ್ಲ ತಿರುಗಿ ನೋಡಬೇಕು. ಸಿಟ್ಟು ನಿಜವಾದದ್ದೇ, ಎದೆಯಲ್ಲಿ ಕಾದ ಕಬ್ಬಿಣ ಇಟ್ಟಂತಿತ್ತು. ಆದರೂ ಮಾತು ಮಾತ್ರ ಹೀಗೇ ಬರುತ್ತಿತ್ತು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿ ಒಬ್ಬರೇ ಉದ್ದನೆಯ ಬೆಂಚಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು. ಕಿವಿಯ ಮೇಲೆ ಸೀಮೆಸುಣ್ಣ ಇತ್ತು. ತಾನು ಬೇರೆ ಶೆಡ್ಡು ಹಾಕಿದ ಈ ಎರಡು ವರ್ಷದಲ್ಲಿ ಅವರ ಕಿವಿ ದೊಡ್ಡದಾದಂತೆ ಕಂಡಿತು.

“ಬಾರೋ ಡೈಲಾಗು. ಏನು, ದಾರಿ ತಪ್ತಾ?”

“ಮೀಟರಿನ ಹಿಂದೆ ಕೈ ಹಾಕಿದೆ ಮೇಸ್ತ್ರಿ.” ಇಷ್ಟೇ ಬಾಯಿಗೆ ಬಂತು.

ಮೇಸ್ತ್ರಿ ಕನ್ನಡಕ ಹಾಕಿಕೊಂಡರು. ಯಾವ ಗಾಡಿ ಎಂದು ಕೇಳಲಿಲ್ಲ. “ಎಷ್ಟು ತಿಂಗಳಾಯ್ತು? ಎಂಟಾ? ಸ್ಕ್ರೂಗೆ ತುಕ್ಕು ಹಿಡಿದಿರ್ಬೇಕು. ಐಸ್ ಹೊರೋ ಗಾಡಿ ಆಗುತ್ತೆ ಅಂತ ನಂಗೇನು ಗೊತ್ತಿತ್ತು.”

“ನನ್ನಕ್ಕ ಮೇಸ್ತ್ರಿ ಅವಳು! ಇಲ್ಲಿಗೆ ಒಂಬತ್ತು ವರ್ಷ ನಂಗೆ ಬುತ್ತಿ ತಂದುಕೊಟ್ಟೋಳು. ಬೇರೆ ಯಾರಿಗಾದ್ರೂ ಕಟ್ಟಿದ್ರೆ...”

“ಬೇರೆಯೋರು ತಂತಿ ಕಿತ್ತು ನೋಡ್ತಿದ್ರು.”

ಅದನ್ನು ಅವರು ಚುಚ್ಚಲು ಹೇಳಲಿಲ್ಲ. ಇಷ್ಟು ಸೈಜಿನ ಬೋಲ್ಟಿಗೆ ಇಷ್ಟು ಸೈಜಿನ ಸ್ಪ್ಯಾನರು ಎಂದು ಹೇಳುವಂತೆ ಹೇಳಿದರು. ನಿಮಗಿಂತ ಮೊದಲು ಕೊಳ್ಳಲು ಇಬ್ಬರು ಬಂದು ನೋಡಿದ್ದರು, ಇಬ್ಬರೂ ಕಂಡುಹಿಡಿದು ಎದ್ದುಹೋಗಿದ್ದರು. ಆಮೇಲೆ ನೀವಿಬ್ಬರು ಬಂದಿರಿ ಎಂದರು. “ನಾನು ತಗೋ ಅಂದ್ನಾ? ಜ್ಞಾಪಿಸ್ಕೋ. ಒಂದು ಮಾತು ಹೇಳಿದೀನಾ? ನೀನೇ ಬಾನೆಟ್ ಮೇಲೆ ಕೈ ಇಟ್ಟು ಏನೇನೋ ಕುಣಿದೆ. ನಂಗೆ ನಾಚಿಕೆ ಆಯ್ತು. ಈಗ ನೋಡ್ತಾನೆ, ಈಗ ನೋಡ್ತಾನೆ ಅಂತ ಕಾದೆ ಕಣೋ. ನೋಡಿದ್ರೆ ಬೈಸಿಕೊಂಡು ಸುಮ್ಮನಾಗ್ತಿದ್ದೆ. ಎಲ್ಲಾ ಕಲಿಸಿದ್ದೆ ನಿಂಗೆ.”

“ಗೀಟು ಇತ್ತು.”

“ಇತ್ತು.” ಮೇಸ್ತ್ರಿ ನೆಲ ನೋಡಿದರು.

ಅಷ್ಟು ಹೊತ್ತು, ಒಂದು ಉಸಿರಿನಷ್ಟು ಹೊತ್ತು ಅವರು ಸೋತಂತೆ ಕಂಡಿತು. ಅವನು ಆ ಸೋಲನ್ನು ಹಿಡಿದು ಎಳೆಯಬೇಕು ಎಂದುಕೊಳ್ಳುವಷ್ಟರಲ್ಲಿ ಅವರು ತಲೆಯೆತ್ತಿ ಕೇಳಿದರು. “ಗಾಡಿ ಎಲ್ಲಿದೆ ಈಗ? ನಿನ್ನ ಶೆಡ್ಡಲ್ಲಾ?”

“ಅಕ್ಕ ತಗೊಂಡು ಹೋದ್ಲು.”

“ಲೋಡಿಗಾ?”

ಅವನು ಹೌದೆಂದು ತಲೆಯಾಡಿಸಿದ.

“ಮುಳ್ಳು ಎಲ್ಲಿತ್ತು ಹೋಗೋವಾಗ?”

“ನಡುವಲ್ಲಿ.”

ಮೇಸ್ತ್ರಿ ಅವನನ್ನೇ ನೋಡಿದರು. ಆ ನೋಟದಲ್ಲಿ ಗೆದ್ದ ಸಂತೋಷವಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಲ್ಲಿದ್ದದ್ದು ಸ್ನೇಹ. ಒಂಬತ್ತು ವರ್ಷ ನೆಲದ ಮೇಲೆ ಗೋಣಿಚೀಲ ಹಾಸಿ ಕೂತವನಿಗೆ, ಅವರು ಬೆಂಚಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಖಾಲಿಯಾದ ಜಾಗವನ್ನು ಅಂಗೈಯಿಂದ ಒರೆಸಿದರು. “ಕೂತ್ಕೋ” ಎಂದರು.

ಅವನು ಕೂರಲಿಲ್ಲ. ರಸ್ತೆಗೆ ಬಂದು ಅಕ್ಕನಿಗೆ ಫೋನ್ ಮಾಡಿದ. ಬೆರಳಿನ ಗ್ರೀಸಿಗೆ ಮೊದಲ ಸಲ ನಂಬರು ಒತ್ತಿಕೊಳ್ಳಲಿಲ್ಲ, ಎರಡನೇ ಸಲ ಯಾರಿಗೋ ಹೋಯಿತು. ಮೂರನೇ ಸಲಕ್ಕೆ ಅಕ್ಕ ಎತ್ತಿದಳು. ಹಿಂದೆ ರೇಡಿಯೋ ಕಿರುಚುತ್ತಿತ್ತು.

“ಅಕ್ಕಾ, ಎಲ್ಲಿದೀಯ?”

“ಸೇತುವೆ ಏರಲ್ಲಿ. ಮುಳ್ಳು ನೋಡ್ಬೇಕು ನೀನು, ಕಾವಲುಗಾರನ ಥರ ನಿಂತಿದೆ.”

“ಲೋಡು?”

“ಫುಲ್ಲು. ಫ್ಯಾಕ್ಟರಿಯವನು ರೆಡಿ ಇಟ್ಟಿದ್ದ, ಹೋದ ತಕ್ಷಣ ಹೇರಿದ. ಯಾಕೋ? ಒಂದು ಸ್ವಲ್ಪ ಟಕಟಕ ಅಂತಿದೆ ಇಂಜಿನ್ನು. ಮುಳ್ಳು ಸರಿಯಾಗಿದೆಯಲ್ಲ ಅಂತ ರೇಡಿಯೋ ಜೋರು ಮಾಡ್ಕೊಂಡೆ.”

“ಗಾಡಿ ನಿಲ್ಸು ಅಕ್ಕಾ. ಈಗಲೇ. ಇಂಜಿನ್ ಆಫ್ ಮಾಡು.”

ಅಕ್ಕ ಜೋರಾಗಿ ನಕ್ಕಳು. “ಇದ್ಯಾವ ಸಿನಿಮಾದ್ದೋ? ಮುಂದಿನ ಡೈಲಾಗ್ ನಾನು ಹೇಳ್ಲಾ? ನಿಲ್ಲಿಸದಿದ್ರೆ?”

ಅವನು ಬಾಯಿ ತೆರೆದ. ಏನೂ ಇರಲಿಲ್ಲ. ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಆ ಕಡೆ ಅಕ್ಕ ಕಾಯುತ್ತಿದ್ದಳು. ಅವನ ಮಾತಿಗೆ ಇಷ್ಟು ಹೊತ್ತು ಯಾರೂ ಕಾದದ್ದು ಅವನಿಗೆ ನೆನಪಿರಲಿಲ್ಲ. ಅವಳ ನಗು ತಾನಾಗಿಯೇ ನಿಂತಿತು. ರೇಡಿಯೋ ನಿಂತಿತು. ಈಗ ಅವನಿಗೂ ಕೇಳಿಸಿತು, ಕಬ್ಬಿಣ ಕಬ್ಬಿಣವನ್ನು ಬಡಿಯುವ ಒಣ ಸದ್ದು. ಆಮೇಲೆ ಅದೂ ನಿಂತಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು.

“ಹೇಳು” ಎಂದಳು ಅಕ್ಕ.

ಹೇಳಿದ. ರೆಸಿಸ್ಟರಿನ ವಿಷಯ, ಮೇಸ್ತ್ರಿಯ ದಾರದ ವಿಷಯ, ಇಬ್ಬರು ನೋಡಿ ಎದ್ದುಹೋದ ವಿಷಯ. ಮೇಸ್ತ್ರಿ, ಮೇಸ್ತ್ರಿ ಎಂದು ಎಷ್ಟು ಸಲ ಹೇಳಿದನೋ. ಅಕ್ಕ ಒಂದು ಸಲವೂ ಮೇಸ್ತ್ರಿಯ ಮಾತೆತ್ತಲಿಲ್ಲ.

“ಕೊಂಡ ದಿನ ನೀನು ನೋಡಿದ್ಯಾ?”

“ಇಲ್ಲ.”

“ಇವತ್ತು? ನಾನು ಹೊರಡೋವಾಗ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು ಅಕ್ಕಾ.”

ಹಾರ್ನುಗಳ ನಡುವೆ ಅವಳು ಕಿಟಕಿಯಿಂದ ಯಾರಿಗೋ, ಮುಂದೆ ಹೋಗಿ, ಮುಂದೆ ಹೋಗಿ ಎಂದು ಹೇಳುವುದು ಕೇಳಿಸಿತು. ಆ ದನಿ ನಡುಗುತ್ತಿರಲಿಲ್ಲ. ಫೋನಿಗೆ ಮರಳಿದಾಗಲೂ ನಡುಗಲಿಲ್ಲ.

“ಐಸ್ ಕರಗ್ತಾ ಇದೆ. ಎಳಕೊಂಡು ಹೋಗೋಕೆ ಒಂದು ಗಾಡಿ ಬೇಕು, ಇಂಜಿನ್ ಬಿಚ್ಚಿ ನೋಡೋಕೆ ಒಬ್ಬ ಸರಿಯಾದ ಮೆಕ್ಯಾನಿಕ್ ಬೇಕು. ಯಾರನ್ನಾದ್ರೂ ಕಳಿಸು.”

“ನಾನೇ ಬರ್ತೀನಿ, ಹತ್ತು ನಿಮಿಷ...”

“ನೀನು ಬೇಡಪ್ಪಾ” ಎಂದಳು. ಅಕ್ಕ ಅವನಿಗೆ ಎಂದೂ ಅಪ್ಪಾ ಎಂದವಳಲ್ಲ. ಅಂಗಡಿಯವರಿಗೆ, ದಾರಿ ಕೇಳುವವರಿಗೆ ಹಾಗೆ ಅನ್ನುತ್ತಿದ್ದಳು. “ನೀನು ಬಿಟ್ಟು ಬೇರೆ ಯಾರನ್ನಾದ್ರೂ.”

ಫೋನು ಇಟ್ಟಳು. ಅವನು ರಸ್ತೆಯ ಬದಿಯಲ್ಲಿ ನಿಂತು ಫೋನಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತ ಹೋದ. ಬಸ್‌ಸ್ಟ್ಯಾಂಡಿನವನು, ಪೆಟ್ರೋಲ್ ಬಂಕಿನ ಪಕ್ಕದವನು, ಎಡಗೈಯವನು, ರೈಲ್ವೆ ಗೇಟಿನವನು. ಎಲ್ಲರೂ ಒಳ್ಳೆಯ ಕೆಲಸಗಾರರು, ಕರೆದರೆ ಊಟ ಬಿಟ್ಟು ಬರುವವರು. ಎಲ್ಲರೂ ಕೆಲಸ ಕಲಿತದ್ದು ಅವನ ಬೆನ್ನ ಹಿಂದಿದ್ದ ಆ ಶೆಡ್ಡಿನಲ್ಲೇ.